ಗಿಡ್ಡ ಹಗ್ಗದಲ್ಲಿ ಕಟ್ಟಿದ ಗೋಧಿ: ಜಾನ್ಸನ್, ವಿಯೆಟ್ನಾಂ ಮತ್ತು ಭಾರತದ ಪಡಿತರ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. 1960ರ ದಶಕದಲ್ಲಿ ನಮ್ಮ ಹಳ್ಳಿಯ ಶಾಲೆಯಲ್ಲಿ ಅಮೆರಿಕದಿಂದ ಬಂದ ಗೋಧಿ ರವೆಯ ಉಪ್ಪಿಟ್ಟು ತಿಂದು, ಕೇರ್ ಸಂಸ್ಥೆಯ ಹಾಲಿನ ಪುಡಿಯ ಹಾಲು ಕುಡಿದು ಓದಿದವನು. ಇಂದಿರಾ ಗಾಂಧಿಯವರು ವಿಯೆಟ್ನಾಂ ಯುದ್ಧವನ್ನು ಟೀಕಿಸಿದ್ದಕ್ಕೆ ಸಿಟ್ಟಾಗಿ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿ ನಿಲ್ಲಿಸಿದರು ಎಂದು ಹಲವು ಕಡೆ ಓದಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ? ಆ ಗೋಧಿ ದಾನವಾಗಿ ಬಂದದ್ದೋ, ಹಣ ಕೊಟ್ಟು ತಂದದ್ದೋ? ಹಣ ಕೊಟ್ಟಿದ್ದರೆ ಅದು ಏನಾಯಿತು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಗೋಧಿ ನಿಂತಿರಲಿಲ್ಲ. ಅದನ್ನು ಅಳೆದು, ತೂಗಿ, ಒಂದೆರಡು ತಿಂಗಳಿಗೆ ಸಾಕಾಗುವಷ್ಟನ್ನೇ ಬಿಡಲಾಗುತ್ತಿತ್ತು. ಹಾಗೆ ಬಿಗಿ ಹಿಡಿಯುವ ಕ್ರಮ ಆರಂಭವಾದದ್ದು 1965ರ ಬೇಸಿಗೆಯಲ್ಲಿ. ಇಂದಿರಾ ಗಾಂಧಿಯವರು ಪ್ರಧಾನಿಯಾದದ್ದು 1966ರ ಜನವರಿಯಲ್ಲಿ. ವಿಯೆಟ್ನಾಂ ಕುರಿತ ಅವರ ಹೇಳಿಕೆ ಬಂದದ್ದು ಆ ವರ್ಷದ ಜುಲೈಯಲ್ಲಿ. ಕಾರಣವೆಂದು ಹೇಳಲಾಗುವ ಘಟನೆ ಪರಿಣಾಮಕ್ಕಿಂತ ಒಂದು ವರ್ಷ ತಡವಾಗಿ ನಡೆದಿರುವಾಗ, ಅದನ್ನು ಮೂಲ ಕಾರಣವೆಂದು ಒಪ್ಪಲು ಬರುವುದಿಲ್ಲ. ಆದರೆ ವಿಯೆಟ್ನಾಂ ಕಥೆ ಪೂರ್ತಿ ಸುಳ್ಳೂ ಅಲ್ಲ. ಬೇರೆ ಉದ್ದೇಶದಿಂದ ಮೊದಲೇ ಕಟ್ಟಿದ್ದ ಹಗ್ಗವನ್ನು 1966ರ ದ್ವಿತೀಯಾರ್ಧದಲ್ಲಿ ಇನ್ನಷ್ಟು ಗಿಡ್ಡ ಮಾಡಲು ಆ ಕೋಪ ನೆರವಾಯಿತು. ಈ ಎರಡನ್ನೂ ಬಿಡಿಸಿ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಪಿ.ಎಲ್. 480 ಎಂದು ಮನೆಮಾತಾದ ಕಾನೂನಿಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1954ರ ಜುಲೈ 10ರಂದು. ಅದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ 480ನೆಯ ಸಾರ್ವಜನಿಕ ಕಾನೂನು ಎಂಬುದಷ್ಟೇ ಆ ಹೆಸರಿನ ಅರ್ಥ. ಅದರ ಹಿಂದೆ ಹಸಿದವರ ಚಿಂತೆಗಿಂತ ಮೊದಲು ಇದ್ದದ್ದು ತುಂಬಿ ತುಳುಕುವ ಕಣಜಗಳ ಚಿಂತೆ. ರೈತರಿಗೆ ಬೆಂಬಲ ಬೆಲೆ ಕೊಡುವ ನೀತಿಯಿಂದಾಗಿ ಅಮೆರಿಕ ಸರ್ಕಾರ ಪ್ರತಿವರ್ಷ ಗೋಧಿ ಕೊಂಡು ಉಗ್ರಾಣಕ್ಕೆ ಹಾಕಬೇಕಾಗಿತ್ತು. ಆ ದಾಸ್ತಾನನ್ನು ಕಾಯುವುದಕ್ಕೇ ಅಪಾರ ಖರ್ಚು ಬರುತ್ತಿತ್ತು. ಅದನ್ನು ಪೇಟೆಗೆ ಬಿಟ್ಟರೆ ಸ್ವದೇಶದಲ್ಲಿ ಬೆಲೆ ಕುಸಿಯುತ್ತದೆ. ಡಾಲರ್‌ಗೇ ಮಾರುತ್ತೇವೆಂದರೆ ಬಡ ದೇಶಗಳ ಬಳಿ ಡಾಲರ್ ಇಲ್ಲ. ಆದ್ದರಿಂದ ಕೊಳ್ಳುವ ದೇಶದ ಸ್ವಂತ ನಾಣ್ಯದಲ್ಲೇ, ಅಂದರೆ ಭಾರತದ ಮಟ್ಟಿಗೆ ರೂಪಾಯಿಯಲ್ಲೇ, ಹಣ ಪಡೆದು ಮಾರುವ ದಾರಿಯನ್ನು ಆ ಕಾನೂನು ತೆರೆಯಿತು. ಅಮೆರಿಕದ ನಡುನಾಡಿನ ರೈತ, ಹಡಗಿನ ಕಂಪನಿ, ವಿದೇಶಾಂಗ ಇಲಾಖೆ, ಚರ್ಚುಗಳ ಸೇವಾಸಂಸ್ಥೆ, ಹೀಗೆ ಪರಸ್ಪರ ಸಂಬಂಧವಿಲ್ಲದ ಹಲವರಿಗೆ ಒಮ್ಮೆಗೇ ಒಪ್ಪಿಗೆಯಾದ ವ್ಯವಸ್ಥೆ ಅದು. ಅಷ್ಟು ವರ್ಷ ಅದು ಬಾಳಿದ್ದೂ ಆ ಕಾರಣಕ್ಕೇ.

ಆದರೆ ಭಾರತ ಮತ್ತು ಅಮೆರಿಕದ ನಡುವೆ ಗೋಧಿಯ ಮಾತು ಇದಕ್ಕೂ ಮೊದಲೇ ಆರಂಭವಾಗಿತ್ತು, ಅದೂ ಕಹಿಯಾಗಿಯೇ. 1950ರ ಡಿಸೆಂಬರಿನಲ್ಲಿ, ಮಳೆ ಕೈಕೊಟ್ಟು ಪಡಿತರ ವ್ಯವಸ್ಥೆ ಕುಸಿಯುವಂತಾದಾಗ, ವಾಷಿಂಗ್ಟನ್ನಿನಲ್ಲಿ ನಮ್ಮ ರಾಯಭಾರಿಯಾಗಿದ್ದ ವಿಜಯಲಕ್ಷ್ಮಿ ಪಂಡಿತರು 20 ಲಕ್ಷ ಟನ್ ಧಾನ್ಯ ಕೇಳಿದರು. ಅಧ್ಯಕ್ಷ ಟ್ರೂಮನ್ 1951ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಶಿಫಾರಸು ಕಳುಹಿಸಿದರು. ಅದು ಕೊರಿಯಾ ಯುದ್ಧದ ಕಾಲ. ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ವಿಶ್ವಸಂಸ್ಥೆಯ ನಿರ್ಣಯವನ್ನು ಭಾರತ ಆಗತಾನೇ ವಿರೋಧಿಸಿತ್ತು. ನಮ್ಮ ಸೈನಿಕರು ಅಲ್ಲಿ ಸಾಯುತ್ತಿರುವಾಗ ನಮ್ಮನ್ನು ಬೆಂಬಲಿಸದ ದೇಶಕ್ಕೆ ಗೋಧಿ ಏಕೆ ಎಂದು ಹಲವು ಸದಸ್ಯರು ಕೇಳಿದರು. ಬದಲಿಗೆ ತಿರುವಾಂಕೂರಿನ ಕಡಲತೀರದ ಮೊನಜೈಟ್ ಮರಳನ್ನಾದರೂ ಕೊಡಲಿ ಎಂದವರೂ ಇದ್ದರು. ಅಣುಶಕ್ತಿಗೆ ಬೇಕಾದ ಥೋರಿಯಂ ಇದ್ದ ಆ ಮರಳಿನ ರಫ್ತನ್ನು ಭಾರತ ನಿಷೇಧಿಸಿತ್ತು. ಷರತ್ತುಗಳಿಗೆ ಕಟ್ಟಿದ ನೆರವು ನಮಗೆ ಬೇಡವೆಂದು ನೆಹರೂ ಬಹಿರಂಗವಾಗಿಯೇ ಹೇಳಿದರು. ತಿಂಗಳುಗಟ್ಟಲೆ ಚರ್ಚೆ ನಡೆದು, ಜೂನ್ 15ರಂದು ಕಾನೂನಿಗೆ ಸಹಿ ಬಿದ್ದಾಗ, ಕೇಳಿದ್ದ ಅನುದಾನ 19 ಕೋಟಿ ಡಾಲರಿನ ಸಾಲವಾಗಿ ಮಾರ್ಪಟ್ಟಿತ್ತು. ಗೋಧಿ ಬಂತು, ಜೀವಗಳು ಉಳಿದವು; ಆದರೆ ಬೇಡಿಸಿಕೊಂಡ ನೋವು ದೆಹಲಿಯಲ್ಲಿ ಉಳಿಯಿತು, ಕೊಟ್ಟರೂ ಕೃತಜ್ಞತೆ ಕಾಣಲಿಲ್ಲವೆಂಬ ಅಸಮಾಧಾನ ವಾಷಿಂಗ್ಟನ್ನಿನಲ್ಲಿ ಉಳಿಯಿತು. 1966ರಲ್ಲಿ ನಡೆದದ್ದನ್ನು ಓದುವಾಗಲೆಲ್ಲ ನನಗೆ 1951ರ ಪ್ರತಿಧ್ವನಿಯೇ ಕೇಳಿಸುತ್ತದೆ.

ಪಿ.ಎಲ್. 480ರ ಅಡಿಯಲ್ಲಿ ಭಾರತದ ಮೊದಲ ಒಪ್ಪಂದ ಆದದ್ದು 1956ರ ಆಗಸ್ಟ್‌ನಲ್ಲಿ. ಎಲ್ಲಕ್ಕಿಂತ ದೊಡ್ಡದು 1960ರ ಮೇ 4ರದ್ದು: ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ಮತ್ತು ಸ್ವತಃ ಐಸೆನ್‌ಹೋವರ್ ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಆ ಒಪ್ಪಂದದಂತೆ ನಾಲ್ಕು ವರ್ಷಗಳಲ್ಲಿ 1.6 ಕೋಟಿ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿ ಬರಬೇಕಿತ್ತು. ದೆಹಲಿಗೆ ಇದು ಅನುಕೂಲವಾಗಿಯೇ ಕಂಡಿತು. ಡಾಲರ್ ಖರ್ಚಾಗುವುದಿಲ್ಲ, ಉಳಿದ ವಿದೇಶಿ ವಿನಿಮಯವನ್ನು ಉಕ್ಕಿನ ಕಾರ್ಖಾನೆಗಳಿಗೆ, ಅಣೆಕಟ್ಟುಗಳಿಗೆ ತೊಡಗಿಸಬಹುದು, ನಗರದ ಕಾರ್ಮಿಕರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಅಗ್ಗದ ಗೋಧಿ ಸಿಗುತ್ತದೆ, ಹಳ್ಳಿಯ ರೈತರಿಂದ ಒತ್ತಾಯದ ಲೇವಿ ಎತ್ತುವ ರಾಜಕೀಯ ಕಷ್ಟವೂ ತಪ್ಪುತ್ತದೆ. ಆದರೆ ಹೀಗೆ ಹೊರಗಿನ ಅಗ್ಗದ ಧಾನ್ಯ ಬಂದು ಬೀಳುತ್ತಿದ್ದರೆ ನಮ್ಮ ರೈತನಿಗೆ ಸಿಗುವ ಬೆಲೆ ತಗ್ಗುತ್ತದೆ, ಹೆಚ್ಚು ಬೆಳೆಯುವ ಹುಮ್ಮಸ್ಸೇ ಅವನಿಗೆ ಉಳಿಯುವುದಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಸ್ ಆಗಲೇ ಎಚ್ಚರಿಸಿದ್ದರು. ದಕ್ಷಿಣ ಕನ್ನಡ ಮೂಲದ ನಮ್ಮವರೇ ಆದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರು ಈ ಇಡೀ ವ್ಯವಸ್ಥೆಯ ಕಟು ವಿಮರ್ಶಕರಾಗಿದ್ದರು. ಕೃಷಿಯನ್ನು ಹಿಂದಕ್ಕೆ ತಳ್ಳಿ ಕೈಗಾರಿಕೆಯನ್ನು ಮುಂದಕ್ಕೆ ತಂದ ಆ ಆಯ್ಕೆ ನಮ್ಮದೇ ಆಗಿತ್ತು, ಅಮೆರಿಕ ಅದಕ್ಕೆ ಅವಕಾಶ ಮಾಡಿಕೊಟ್ಟಿತಷ್ಟೇ ಎಂಬುದನ್ನು ಒಪ್ಪಿಕೊಳ್ಳದೆ ಈ ಚರಿತ್ರೆಯನ್ನು ಪ್ರಾಮಾಣಿಕವಾಗಿ ಬರೆಯಲಾಗದು.

ಲಿಂಡನ್ ಜಾನ್ಸನ್ ಅಧ್ಯಕ್ಷರಾದ ಹೊತ್ತಿಗೆ ಅಮೆರಿಕದ ಕಡೆಯಲ್ಲೂ ಲೆಕ್ಕ ಬದಲಾಗಿತ್ತು. 1961ರಲ್ಲಿ ಸುಮಾರು 140 ಕೋಟಿ ಬುಶೆಲ್‌ನಷ್ಟಿದ್ದ (ಗೋಧಿಯ ಒಂದು ಬುಶೆಲ್ ಎಂದರೆ ಸುಮಾರು 27 ಕಿಲೊ) ಗೋಧಿಯ ದಾಸ್ತಾನು 1966ರ ಬೇಸಿಗೆಗೆ ಅದರ ಅರ್ಧಕ್ಕಿಂತಲೂ ಕಡಿಮೆಗೆ ಇಳಿಯಿತು. ವಿದೇಶಿ ನೆರವೆಂದರೆ ಕಾಂಗ್ರೆಸ್ಸಿನ ಸದಸ್ಯರು ಮುಖ ಗಂಟಿಕ್ಕುವ ಕಾಲ ಬಂದಿತ್ತು. ಟೆಕ್ಸಾಸಿನ ಒಣಭೂಮಿಯ ಬಡತನವನ್ನು ಕಂಡು ಬೆಳೆದ ಜಾನ್ಸನ್‌ಗೆ ರೈತನ ಬದುಕು ಗೊತ್ತಿತ್ತು. ಬೇರೆಯವರ ಕಣಜವನ್ನು ನೆಚ್ಚಿಕೊಂಡ ದೇಶ ತನ್ನ ಹೊಲದ ಕಡೆ ಗಮನ ಕೊಡುವುದಿಲ್ಲ ಎಂಬ ದೃಢ ನಂಬಿಕೆಯೂ ಅವರಿಗಿತ್ತು. 1965ರ ಏಪ್ರಿಲ್‌ನಲ್ಲಿ ಅವರು ಪಾಕಿಸ್ತಾನದ ಅಯೂಬ್ ಖಾನ್ ಮತ್ತು ನಮ್ಮ ಲಾಲ್ ಬಹಾದುರ್ ಶಾಸ್ತ್ರಿ ಇಬ್ಬರ ಭೇಟಿಯನ್ನೂ ಥಟ್ಟನೆ ಮುಂದೂಡಿದರು. ಅಯೂಬರ ಮೇಲಿನ ಸಿಟ್ಟಿಗೆ ಚೀನಾದೊಂದಿಗಿನ ಅವರ ಸ್ನೇಹ ಕಾರಣ. ಶಾಸ್ತ್ರಿಯವರನ್ನು ಸೇರಿಸಿಕೊಂಡದ್ದು ತಕ್ಕಡಿ ಸಮ ಮಾಡುವುದಕ್ಕೆ. ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಶಾಸ್ತ್ರಿಯವರ ಸರ್ಕಾರವೂ ಆಕ್ಷೇಪಿಸಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಸೌಮ್ಯ ಸ್ವಭಾವದ ಶಾಸ್ತ್ರಿಯವರಿಗೆ ಈ ಅವಮಾನ ತಟ್ಟಿತು; ಆ ಜೂನ್‌ನಲ್ಲಿ ಕೆನಡಾಕ್ಕೆ ಹೋದವರು ಪಕ್ಕದ ಅಮೆರಿಕಕ್ಕೆ ಕಾಲಿಡದೆ ಹಿಂದಿರುಗಿದರು.

ಅದೇ ಜೂನ್ 30ಕ್ಕೆ ಆಗ ಜಾರಿಯಲ್ಲಿದ್ದ ಗೋಧಿ ಒಪ್ಪಂದದ ಅವಧಿ ಮುಗಿಯಿತು. ಇನ್ನೊಂದು ದೀರ್ಘಾವಧಿ ಒಪ್ಪಂದವನ್ನು ಭಾರತ ನಿರೀಕ್ಷಿಸಿತ್ತು. ಜಾನ್ಸನ್ ಅದಕ್ಕೆ ಒಪ್ಪಲಿಲ್ಲ. ಒಂದು ತಿಂಗಳಿಗೆ ಇಷ್ಟು, ಎರಡು ತಿಂಗಳಿಗೆ ಇಷ್ಟು ಎಂದು ಪ್ರತಿ ಸಲವೂ ಕಡತ ತಮ್ಮ ಮೇಜಿಗೇ ಬರಬೇಕು, ತಮ್ಮ ಸಹಿಯಿಲ್ಲದೆ ಒಂದು ಹಡಗೂ ತುಂಬಬಾರದು ಎಂದು ಕಟ್ಟುಮಾಡಿದರು. ಇತಿಹಾಸಕಾರರು ಇದನ್ನು ಗಿಡ್ಡ ಹಗ್ಗದ ನೀತಿ ಎನ್ನುತ್ತಾರೆ. ಗೂಟಕ್ಕೆ ಕಟ್ಟಿದ ದನಕ್ಕೆ ಹಗ್ಗದ ಉದ್ದದಷ್ಟೇ ಮೇವು ಎಂಬುದು ನಮ್ಮ ಕಡೆಯ ಯಾರಿಗಾದರೂ ವಿವರಿಸಬೇಕಾದ ವಿಷಯವಲ್ಲ. ಸೆಪ್ಟೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ಆರಂಭವಾದಾಗ ಅಮೆರಿಕ ಎರಡೂ ದೇಶಗಳಿಗೆ ಸೇನಾ ನೆರವನ್ನೂ ಹೊಸ ಆರ್ಥಿಕ ನೆರವನ್ನೂ ತಡೆಹಿಡಿಯಿತು. ಅದೇ ವರ್ಷ ಮುಂಗಾರು ವಿಫಲವಾಯಿತು. 1964–65ರಲ್ಲಿ 8.9 ಕೋಟಿ ಟನ್ ಇದ್ದ ಆಹಾರಧಾನ್ಯದ ಉತ್ಪಾದನೆ 1965–66ರಲ್ಲಿ ಸುಮಾರು 7.2 ಕೋಟಿ ಟನ್ನಿಗೆ ಕುಸಿಯಿತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಯವರು ಕರೆ ಕೊಟ್ಟದ್ದು, ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿಕೊಂಡದ್ದು ನಿಮಗೆ ನೆನಪಿರಬಹುದು. ಹಡಗಿನಿಂದ ನೇರವಾಗಿ ಬಾಯಿಗೆ ಎಂಬ ಮಾತು ಹುಟ್ಟಿದ್ದು ಆ ದಿನಗಳಲ್ಲಿ. ಒಂದು ಹಡಗು ತಡವಾದರೆ ಯಾವುದೋ ಊರಿನ ಪಡಿತರ ಅಂಗಡಿಯ ಮುಂದೆ ಸಾಲು ನಿಂತವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತಿತ್ತು.

ಈಗ ಬಹಳ ಮುಖ್ಯವಾದ, ಆದರೆ ಜನಪ್ರಿಯ ಕಥೆಯಲ್ಲಿ ಬಿಟ್ಟುಹೋಗುವ ಭಾಗಕ್ಕೆ ಬರುತ್ತೇನೆ. ಆಗ ನಮ್ಮ ಆಹಾರ ಮತ್ತು ಕೃಷಿ ಮಂತ್ರಿಯಾಗಿದ್ದವರು ಸಿ. ಸುಬ್ರಮಣ್ಯಂ. ರೈತನಿಗೆ ಲಾಭದ ಬೆಲೆ ಕೊಡಬೇಕು, ರಸಗೊಬ್ಬರ ಬೇಕು, ಹೆಚ್ಚು ಇಳುವರಿಯ ಬೀಜ ತರಿಸಬೇಕು ಎಂಬುದು 1964ರಿಂದಲೇ ಅವರು ಹಿಡಿದಿದ್ದ ಹಾದಿ; ಭಾರತೀಯ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ ಹುಟ್ಟಿದ್ದು ಆ ಹಿನ್ನೆಲೆಯಲ್ಲಿ, 1965ರಲ್ಲಿ. ಇದಕ್ಕೆ ಸಂಪುಟದಲ್ಲೇ ವಿರೋಧವಿತ್ತು. ಗೊಬ್ಬರಕ್ಕೆ ವಿದೇಶಿ ವಿನಿಮಯ ಎಲ್ಲಿಂದ ತರುವುದು ಎಂಬುದು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ಆಕ್ಷೇಪ, ನೀರಾವರಿ ಇದ್ದ ಅನುಕೂಲವಂತ ರೈತರಿಗೇ ಲಾಭವಾಗುತ್ತದೆ ಎಂಬುದು ಎಡಪಂಥೀಯರ ಆಕ್ಷೇಪ, ಅದರಲ್ಲಿ ಹುರುಳೂ ಇತ್ತು. 1965ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಮ್ಮೇಳನಕ್ಕೆಂದು ರೋಮ್‌ಗೆ ಹೋದ ಸುಬ್ರಮಣ್ಯಂ, ಅಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಅವರೊಂದಿಗೆ 25ರಂದು ಗುಟ್ಟಾಗಿ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಕೃಷಿಯಲ್ಲಿ ಹೂಡಿಕೆ ಹೆಚ್ಚಿಸುವುದು, ರಸಗೊಬ್ಬರ ಕ್ಷೇತ್ರವನ್ನು ವಿದೇಶಿ ಖಾಸಗಿ ಬಂಡವಾಳಕ್ಕೆ ತೆರೆಯುವುದು, ಹೊಸ ತಳಿಗಳನ್ನು ನೀರಾವರಿ ಪ್ರದೇಶದಲ್ಲಿ ಹಬ್ಬಿಸುವುದು ಅದರ ತಿರುಳು. ಡಿಸೆಂಬರ್‌ನಲ್ಲಿ ದೆಹಲಿ ಈ ನೀತಿಯನ್ನು ತನ್ನದೇ ಎಂದು ಘೋಷಿಸಿದ ಕೂಡಲೇ ಜಾನ್ಸನ್ 15 ಲಕ್ಷ ಟನ್ ಗೋಧಿಯನ್ನೂ ಗೊಬ್ಬರಕ್ಕೆ 5 ಕೋಟಿ ಡಾಲರ್ ಸಾಲವನ್ನೂ ಬಿಡುಗಡೆ ಮಾಡಿದರು. ವರ್ಷದ ಕೊನೆಯ ದಿನ, ಬೇರೆ ಕಾರಣದ ಮೇಲೆ, ಕೃಷ್ಣಮಾಚಾರಿ ಸಂಪುಟ ಬಿಟ್ಟರು.

ಹಾಗಾದರೆ ರೋಮ್ ಒಡಂಬಡಿಕೆಯನ್ನು ಭಾರತದ ಮೇಲೆ ಹೇರಲಾಯಿತೇ? ನನ್ನ ಓದಿನಲ್ಲಿ ಅದಕ್ಕೆ ಸರಳ ಉತ್ತರವಿಲ್ಲ. ಅದರಲ್ಲಿದ್ದ ಬಹುಪಾಲು ಅಂಶಗಳು ಸುಬ್ರಮಣ್ಯಂ ಅವರ ಸ್ವಂತ ಯೋಜನೆಯವು. ಮನೆಯೊಳಗಿನ ವಿರೋಧವನ್ನು ಗೆಲ್ಲಲು ಅವರು ಹೊರಗಿನ ಒತ್ತಡವನ್ನು ಜಾಣತನದಿಂದ ಬಳಸಿಕೊಂಡರು. ಆದರೂ ಒಂದು ಸ್ವತಂತ್ರ ದೇಶ ತನ್ನ ಹೊಲದಲ್ಲಿ ಏನು ಮಾಡಬೇಕೆಂಬ ತೀರ್ಮಾನವನ್ನು ಗುಟ್ಟಾಗಿ ಇನ್ನೊಂದು ದೇಶದ ಮಂತ್ರಿಯ ಮುಂದೆ ಬರೆದುಕೊಡಬೇಕಾಯಿತು ಎಂಬುದೂ ಅಷ್ಟೇ ನಿಜ. ಗುಟ್ಟಾಗಿಡಬೇಕಾಯಿತು ಎಂಬ ಸಂಗತಿಯೇ ಅದರಲ್ಲಿನ ಸಂಕೋಚವನ್ನು ಹೇಳುತ್ತದೆ.

1966ರ ಜನವರಿ 11ರಂದು ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಹೊಸ ಪ್ರಧಾನಿ ಇಂದಿರಾ ಗಾಂಧಿ ಮಾರ್ಚ್ ಕೊನೆಯಲ್ಲಿ ವಾಷಿಂಗ್ಟನ್ನಿಗೆ ಹೋದಾಗ ಸ್ವಾಗತ ಆದರದಿಂದಲೇ ನಡೆಯಿತು. ನಮ್ಮ ರಾಯಭಾರಿ ಬಿ.ಕೆ. ನೆಹರೂ ಅವರ ಮನೆಗೆ ಸ್ವಲ್ಪ ಹೊತ್ತಿಗೆಂದು ಬಂದ ಜಾನ್ಸನ್, ಮೊದಲೇ ಗೊತ್ತುಮಾಡದೆ ರಾತ್ರಿಯ ಊಟಕ್ಕೂ ಉಳಿದುಬಿಟ್ಟರು. ಮಾರ್ಚ್ 30ರಂದು ಅವರು ಕಾಂಗ್ರೆಸ್ಸಿಗೆ ಸಂದೇಶ ಕಳುಹಿಸಿ ಇನ್ನೂ 35 ಲಕ್ಷ ಟನ್ ಧಾನ್ಯ ಕೊಡಲು ಬೆಂಬಲ ಕೇಳಿದರು. ಆ ವರ್ಷ ಅಮೆರಿಕ ಬೆಳೆದ ಗೋಧಿಯಲ್ಲಿ ಸುಮಾರು ಐದನೆಯ ಒಂದು ಪಾಲು ಭಾರತಕ್ಕೆ ಬಂತು. ಎಲ್ಲ ದೇಶಗಳಿಂದ ನಾವು ತರಿಸಿಕೊಂಡ ಧಾನ್ಯ ಒಂದು ಕೋಟಿ ಟನ್ ಮೀರಿತು. ಜೂನ್ 6ರಂದು, ವಿಶ್ವಬ್ಯಾಂಕ್ ಮತ್ತು ಅಮೆರಿಕದ ಸಲಹೆಯಂತೆ, ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಲಾಯಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 90 ಕೋಟಿ ಡಾಲರ್ ನೆರವು ಬರಬೇಕೆಂಬ ನಿರೀಕ್ಷೆ ಇತ್ತು. ಈ ಅಪಮೌಲ್ಯದಿಂದ ಇಂದಿರಾ ಅವರ ಮೇಲೆ ಸ್ವಪಕ್ಷದಲ್ಲೇ ಬಿದ್ದ ಏಟು ಸಣ್ಣದಲ್ಲ. ಅಮೆರಿಕಕ್ಕೆ ಮಣಿದರೆಂಬ ಆಪಾದನೆಯನ್ನು ತೊಳೆದುಕೊಳ್ಳುವ ತುರ್ತು ಅವರಿಗೆ ಎದುರಾಯಿತು, ಅದೂ ಚುನಾವಣೆಗೆ ವರ್ಷವೂ ಉಳಿದಿಲ್ಲದಾಗ.

ಜೂನ್ ಅಂತ್ಯದಲ್ಲಿ ಅಮೆರಿಕದ ವಿಮಾನಗಳು ಹನೋಯ್ ಮತ್ತು ಹೈಫಾಂಗ್ ಬಳಿಯ ತೈಲ ಸಂಗ್ರಹಾಗಾರಗಳ ಮೇಲೆ ಬಾಂಬ್ ಹಾಕಿದವು. ಜುಲೈ 7ರಂದು ಇಂದಿರಾ ಗಾಂಧಿಯವರು ಬಾಂಬ್ ದಾಳಿ ತಕ್ಷಣ ನಿಲ್ಲಬೇಕು, ವಿಯೆಟ್ನಾಂ ಶಾಂತಿಗಾಗಿ 1954ರಲ್ಲಿ ನಡೆದಿದ್ದ ಜಿನೀವಾ ಸಮ್ಮೇಳನ ಮತ್ತೆ ಸೇರಬೇಕು ಎಂದು ಕರೆ ಕೊಟ್ಟರು. ಅದರ ಬೆನ್ನಿಗೇ ಮಾಸ್ಕೋಗೆ ಹೋಗಿ, ಸಾಮ್ರಾಜ್ಯಶಾಹಿ ಶಕ್ತಿಗಳನ್ನು ದೂಷಿಸುವ ಜಂಟಿ ಹೇಳಿಕೆಗೆ ಒಪ್ಪಿದರು. ಜಾನ್ಸನ್ ಕೆರಳಿದರು. ಇಂದಿರಾ ಹೇಳಿದ್ದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಮತ್ತು ಪೋಪ್ ಹೇಳಿದ್ದಕ್ಕಿಂತ ಹೆಚ್ಚೇನಲ್ಲ ಎಂದು ಸಮಜಾಯಿಷಿ ಕೊಟ್ಟಾಗ, ಅವರಿಬ್ಬರಿಗೆ ನಮ್ಮ ಗೋಧಿ ಬೇಕಾಗಿಲ್ಲವಲ್ಲ ಎಂಬ ಉತ್ತರ ವಾಷಿಂಗ್ಟನ್ನಿನಿಂದ ಬಂತೆಂದು ಆ ಕಾಲದವರು ನೆನಪಿಸಿಕೊಳ್ಳುತ್ತಾರೆ. ನೀವು ಓದಿದ ಕಥೆಯ ಬೇರು ಇರುವುದು ಇಲ್ಲಿ.

ಮುಂದಿನ ತಿಂಗಳುಗಳಲ್ಲಿ ನಡೆದದ್ದನ್ನು ನಾನು ಸಮರ್ಥಿಸಲಾರೆ. ಆ ವರ್ಷ ಬಿಹಾರದಲ್ಲಿ ಹಸ್ತಾ ಮಳೆ ಬರಲೇ ಇಲ್ಲ. ಭತ್ತ ಗದ್ದೆಯಲ್ಲೇ ಒಣಗಿತು. ಭಾರತ ಇನ್ನೂ 20 ಲಕ್ಷ ಟನ್ ಕೇಳಿತ್ತು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್, ಶ್ವೇತಭವನದ ಸಲಹೆಗಾರ ವಾಲ್ಟ್ ರಾಸ್ಟೊ, ಒತ್ತಡದ ನೀತಿಯನ್ನು ರೂಪಿಸಿದ್ದ ಫ್ರೀಮನ್ ಕೂಡ, ಇನ್ನು ತಡಮಾಡಬಾರದೆಂದು ಹೇಳುತ್ತ ಬಂದರು. ಜಾನ್ಸನ್ ಕದಲಲಿಲ್ಲ. ಭಾರತದ ಯಾವ ಭಾಗದಲ್ಲಿ ಎಷ್ಟು ಮಳೆಯಾಯಿತು, ಯಾವ ಬಂದರಿನಲ್ಲಿ ಎಷ್ಟು ಟನ್ ಇಳಿಯಿತು ಎಂಬುದನ್ನು ತಾವೇ ಲೆಕ್ಕ ಇಡುತ್ತಿದ್ದುದಾಗಿ ಅವರು ಮುಂದೆ ಬರೆದುಕೊಂಡಿದ್ದಾರೆ. ಅಮೆರಿಕದಲ್ಲಿ ತುಂಬಿ ಹೊರಟ ಹಡಗು ನಮ್ಮ ಬಂದರು ಮುಟ್ಟಲು ವಾರಗಳೇ ಬೇಕು. ನವೆಂಬರ್‌ನಲ್ಲಿ ಸಹಿ ಬೀಳದಿದ್ದರೆ ಜನವರಿಯಲ್ಲಿ ಬಂದರು ಖಾಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಂಗ್ರೆಸ್ಸಿನ ಸದಸ್ಯರಾದ ಪೋಗ್, ಮಿಲ್ಲರ್ ಮತ್ತು ಮುಂದೆ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಬಾಬ್ ಡೋಲ್ ಅವರನ್ನು ಜಾನ್ಸನ್ ಡಿಸೆಂಬರ್‌ನಲ್ಲಿ ಭಾರತಕ್ಕೆ ಕಳುಹಿಸಿದರು. ಅಗತ್ಯ ನಿಜವೆಂದು ಆ ಮೂವರೂ ವರದಿ ಮಾಡಿದ ಮೇಲೆ 9 ಲಕ್ಷ ಟನ್ ಬಿಡುಗಡೆಯಾಯಿತು. ನಡುವಿನ ಅಂತರವನ್ನು ಕೆನಡಾ, ಆಸ್ಟ್ರೇಲಿಯಾ ಮತ್ತು ಸೋವಿಯತ್ ಒಕ್ಕೂಟದ ಧಾನ್ಯ ತುಂಬಿತು. 1967ರ ಫೆಬ್ರವರಿ 2ರಂದು ಜಾನ್ಸನ್ ಮತ್ತೆ ಕಾಂಗ್ರೆಸ್ಸಿಗೆ ಬರೆದು, 20 ಲಕ್ಷ ಟನ್ ಕೂಡಲೇ, ಇತರ ಶ್ರೀಮಂತ ದೇಶಗಳೂ ತಮ್ಮ ಪಾಲು ಹಾಕಿದರೆ ಇನ್ನೂ 30 ಲಕ್ಷ ಟನ್ ಎಂಬ ಪ್ರಸ್ತಾಪ ಮುಂದಿಟ್ಟರು. ಏಪ್ರಿಲ್‌ನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ಅಧಿಕೃತವಾಗಿ ಕ್ಷಾಮ ಘೋಷಣೆಯಾಯಿತು. ಹೊರಗಿನಿಂದ ಬಂದ ಧಾನ್ಯ, ಸರ್ಕಾರದ ಕಾಮಗಾರಿಗಳು, ಜಯಪ್ರಕಾಶ ನಾರಾಯಣರ ನೇತೃತ್ವದ ಪರಿಹಾರ ಸಮಿತಿ ಇವೆಲ್ಲ ಕೂಡಿದ್ದರಿಂದ 1943ರ ಬಂಗಾಳದ ಕ್ಷಾಮದ ಸಾವುಗಳು ಅಲ್ಲಿ ಮರುಕಳಿಸಲಿಲ್ಲ.

ಈ ಕಾಲಕ್ರಮವನ್ನು ಮುಂದಿಟ್ಟುಕೊಂಡರೆ ಜಾನ್ಸನ್ ಮನಸ್ಸಿನಲ್ಲಿದ್ದ ಮೂರು ಎಳೆಗಳು ಬೇರೆಬೇರೆಯಾಗಿ ಕಾಣುತ್ತವೆ. ಭಾರತ ತನ್ನ ಕೃಷಿಯನ್ನು ಸುಧಾರಿಸಲೇಬೇಕೆಂಬುದು ಮೊದಲಿನದು ಮತ್ತು ಹಳೆಯದು. ಕರಗುತ್ತಿರುವ ದಾಸ್ತಾನಿನ ಹೊರೆಯನ್ನು ಅಮೆರಿಕವೊಂದೇ ಹೊರಬಾರದು, ಕಾಂಗ್ರೆಸ್ಸನ್ನೂ ಇತರ ದೇಶಗಳನ್ನೂ ಅದರಲ್ಲಿ ಪಾಲುದಾರರನ್ನಾಗಿ ಮಾಡಬೇಕೆಂಬುದು ಎರಡನೆಯದು. 1966ರ ನವೆಂಬರ್‌ನಲ್ಲಿ ಸಹಿಯಾದ ಹೊಸ ಆಹಾರ ಕಾನೂನು, ನೆರವು ಪಡೆಯುವ ದೇಶ ಸ್ವಪ್ರಯತ್ನ ತೋರಿಸಬೇಕೆಂದೂ ಕ್ರಮೇಣ ಡಾಲರಿನಲ್ಲೇ ಹಣ ಕೊಡಬೇಕೆಂದೂ ವಿಧಿಸಿದ್ದು ಇದರ ಫಲ. ವಿಯೆಟ್ನಾಂ ಮೂರನೆಯದು. ಇಂದಿರಾ ಅವರು ಮೌನವಾಗಿದ್ದಿದ್ದರೂ ಹಗ್ಗ ಇರುತ್ತಿತ್ತು ಎಂದೇ ನಾನು ತಿಳಿಯುತ್ತೇನೆ, ಏಕೆಂದರೆ ಅದು ಆಗಲೇ ಒಂದು ವರ್ಷದಿಂದ ಇತ್ತು. ಆದರೆ ಸುಬ್ರಮಣ್ಯಂ ತಮ್ಮ ಮಾತು ಉಳಿಸಿಕೊಂಡ ಮೇಲೂ, ಅಮೆರಿಕದ ಅಧಿಕಾರಿಗಳೇ ಅದನ್ನು ಒಪ್ಪಿದ ಮೇಲೂ, ಬರಗಾಲದ ಎರಡನೆಯ ವರ್ಷದಲ್ಲಿ ನಡೆದ ಆ ವಿಳಂಬವನ್ನು ಕೃಷಿ ಸುಧಾರಣೆಯ ಹೆಸರಿನಲ್ಲಿ ವಿವರಿಸಲು ಬರುವುದಿಲ್ಲ. ಅಲ್ಲಿ ಕಾಣುವುದು ಒಬ್ಬ ಮನುಷ್ಯನ ಕೋಪ, ಮತ್ತು ಅಷ್ಟು ದೊಡ್ಡ ತೀರ್ಮಾನ ಒಬ್ಬನೇ ಮನುಷ್ಯನ ಕೈಯಲ್ಲಿದ್ದುದರ ಅಪಾಯ.

ಫಲಿತಾಂಶದ ಬಗ್ಗೆಯೂ ಎರಡು ಮಾತು. 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿತು. ನಾರ್ಮನ್ ಬೋರ್ಲಾಗ್ ಬೆಳೆಸಿದ್ದ ಆ ತಳಿಗಳನ್ನು ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿನ ಮಣ್ಣಿಗೆ ಒಗ್ಗಿಸಿದರು. ಸುಬ್ರಮಣ್ಯಂ ದೆಹಲಿಯ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉಳುಮೆ ಮಾಡಿಸಿ ಗೋಧಿ ಬಿತ್ತಿಸಿದರು. 1967–68ರಲ್ಲಿ ಆಹಾರಧಾನ್ಯ 9.5 ಕೋಟಿ ಟನ್ ತಲುಪಿತು; ಪಂಜಾಬಿನಲ್ಲಿ ಗೋಧಿ ಇಡಲು ಜಾಗ ಸಾಲದೆ ಶಾಲೆಗಳಲ್ಲಿ ತುಂಬಿಸಬೇಕಾಯಿತು. 1970–71ರಲ್ಲಿ 10.8 ಕೋಟಿ ಟನ್ ದಾಟಿತು, ಮತ್ತು 1971ರ ಅಂತ್ಯಕ್ಕೆ ರಿಯಾಯಿತಿಯ ಅಮೆರಿಕನ್ ಗೋಧಿಯನ್ನು ಭಾರತ ತಾನಾಗಿಯೇ ನಿಲ್ಲಿಸಿತು. ಬಾಂಗ್ಲಾ ಯುದ್ಧದ ಡಿಸೆಂಬರಿನಲ್ಲಿ ನಿಕ್ಸನ್ ಸರ್ಕಾರ ಆರ್ಥಿಕ ನೆರವು ತಡೆಹಿಡಿದಾಗ ಹೊಟ್ಟೆಯ ಮೇಲೆ ಹೊಡೆಯುವ ಆಯುಧ ಅದರ ಕೈಯಲ್ಲಿ ಉಳಿದಿರಲಿಲ್ಲ. ಜಾನ್ಸನ್ ಬಯಸಿದ್ದು ಆಯಿತು. ಆದರೆ ಅದರ ಜೊತೆಗೇ, ಮತ್ತೆಂದೂ ಅಮೆರಿಕದ ಬಾಗಿಲಲ್ಲಿ ಕೈಚಾಚಿ ನಿಲ್ಲಬಾರದೆಂಬ ಹಟ ಒಂದು ಇಡೀ ತಲೆಮಾರಿನ ಭಾರತೀಯ ಅಧಿಕಾರಿಗಳಲ್ಲಿ ಬೇರೂರಿತು. 1972ರ ಬರದ ನಂತರ ಪೇಟೆಯ ಬೆಲೆ ಕೊಟ್ಟು ಗೋಧಿ ಕೊಂಡದ್ದು, 1973ರಲ್ಲಿ ಸೋವಿಯತ್ ಒಕ್ಕೂಟದಿಂದ 20 ಲಕ್ಷ ಟನ್ ಸಾಲವಾಗಿ ಪಡೆದದ್ದು ಆ ಹಟದ ಗುರುತುಗಳು.

ಇನ್ನು ನಿಮ್ಮ ಶಾಲೆಯ ಉಪ್ಪಿಟ್ಟು. ಅದು ಈ ಮಾರಾಟದ ಗೋಧಿಯಲ್ಲ, ನಿಜವಾಗಿಯೂ ದಾನ. ಸ್ವಯಂಸೇವಾ ಸಂಸ್ಥೆಗಳ ಮೂಲಕ ಉಚಿತವಾಗಿ ಹಂಚಲು ಅದೇ ಕಾನೂನಿನಲ್ಲಿ ಬೇರೆ ಭಾಗವಿತ್ತು. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಹಸಿದವರಿಗೆಂದು 1945ರಲ್ಲಿ ಹುಟ್ಟಿ, 1950ರಲ್ಲಿ ಭಾರತಕ್ಕೆ ಬಂದ ಕೇರ್ ಸಂಸ್ಥೆ ಆ ದಾರಿಯಿಂದ ರವೆ, ಹಾಲಿನ ಪುಡಿ, ಎಣ್ಣೆಯನ್ನು ಶಾಲೆಗಳಿಗೆ ಮುಟ್ಟಿಸುತ್ತಿತ್ತು. ಚೀಲದ ಮೇಲೆ ಕೈಕುಲುಕುವ ಎರಡು ಕೈಗಳ ಮುದ್ರೆ ಇದ್ದದ್ದು ನಿಮಗೆ ನೆನಪಿರಬೇಕು. ಪಡಿತರದಲ್ಲಿ ಸಿಗುತ್ತಿದ್ದ ಕೆಂಪು ಮೈಲೋ ಜೋಳದ ಬಗ್ಗೆ ನಮ್ಮ ಹಿರಿಯರು ದನದ ಮೇವು ಕಳುಹಿಸಿದರೆಂದು ಬೇಸರಪಡುತ್ತಿದ್ದರು. ಅಮೆರಿಕದಲ್ಲಿ ಅದು ಮುಖ್ಯವಾಗಿ ಪಶು ಆಹಾರವೇ ಆಗಿದ್ದುದರಿಂದ ಆ ಬೇಸರ ಆಧಾರವಿಲ್ಲದ್ದಲ್ಲ. ಆದರೆ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಈ ಗೋಧಿಯೊಂದಿಗೇ ಮೊದಲು ಬಂತೆಂಬ ಪ್ರತೀತಿಯನ್ನು ಹಾಗೆಯೇ ಒಪ್ಪುವಂತಿಲ್ಲ. ಅದರ ಹರಡುವಿಕೆಗೆ ಗೋಧಿ ನೆರವಾಗಿರಬಹುದಾದರೂ, ಗಿಡ ಹತ್ತೊಂಬತ್ತನೆಯ ಶತಮಾನದಲ್ಲೇ ಭಾರತದಲ್ಲಿ ಇದ್ದುದಕ್ಕೆ ಸಸ್ಯಶಾಸ್ತ್ರದ ದಾಖಲೆಗಳಿವೆ.

ಕೊನೆಯದಾಗಿ ಹಣ. ಒಟ್ಟು ಐದು ಕೋಟಿ ಟನ್ನಿಗೂ ಹೆಚ್ಚು ಧಾನ್ಯಕ್ಕೆ ಭಾರತ ಕೊಟ್ಟ ರೂಪಾಯಿ ಅಮೆರಿಕದ ಹೆಸರಿನಲ್ಲಿ ಇಲ್ಲೇ ಜಮೆಯಾಗುತ್ತಿತ್ತು. ಅದರ ಬಹುಭಾಗವನ್ನು ಭಾರತಕ್ಕೇ ಸಾಲವಾಗಿ, ಅನುದಾನವಾಗಿ ಹಿಂದಿರುಗಿಸಲಾಗುತ್ತಿತ್ತು. ಒಂದಂಶ ಇಲ್ಲಿನ ಅಮೆರಿಕನ್ ರಾಯಭಾರ ಕಚೇರಿಯ ಖರ್ಚಿಗೆ, ಇಲ್ಲಿ ಉದ್ಯಮ ನಡೆಸುವ ಅಮೆರಿಕನ್ ಕಂಪನಿಗಳ ಸಾಲಕ್ಕೆ ಹೋಗುತ್ತಿತ್ತು. ಬಡ್ಡಿ ಸೇರಿ ಬೆಳೆಯುತ್ತಲೇ ಹೋದ ಆ ರಾಶಿಯನ್ನು ಪೂರ್ತಿ ಖರ್ಚು ಮಾಡಿದರೆ ಇಲ್ಲಿ ಹಣದುಬ್ಬರ, ಹಾಗೇ ಬಿಟ್ಟರೆ ವಿದೇಶಿ ಸರ್ಕಾರವೊಂದರ ಕೈಯಲ್ಲಿ ನಮ್ಮ ನಾಣ್ಯದ ದೊಡ್ಡ ಪಾಲು ಎಂಬ ಆತಂಕ. ಅಮೆರಿಕದ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಈ ಗಂಟನ್ನು ಬಿಡಿಸಿದರು. 1974ರ ಫೆಬ್ರವರಿ 18ರಂದು ಅವರು ಭಾರತ ಸರ್ಕಾರಕ್ಕೆ 1,664 ಕೋಟಿ ರೂಪಾಯಿಯ ಒಂದೇ ಚೆಕ್ ಬರೆದುಕೊಟ್ಟರು. ಆವರೆಗೆ ಜಗತ್ತಿನಲ್ಲಿ ಬರೆದ ಅತಿ ದೊಡ್ಡ ಮೊತ್ತದ ಚೆಕ್ ಎಂದು ಅದು ದಾಖಲೆಯಾಯಿತು.

ಆ ರೂಪಾಯಿಯ ಇನ್ನೊಂದು ಉಪಯೋಗವನ್ನು ಕನ್ನಡ ಓದುಗರಾದ ನಿಮಗೆ ಹೇಳದೆ ಇರಲಾರೆ. 1962ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಒಂದು ಕಚೇರಿ ತೆರೆದು, ಗೋಧಿಯಿಂದ ಬಂದ ಈ ಹಣದಲ್ಲೇ ಭಾರತೀಯ ಭಾಷೆಗಳ ಹೊಸ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಕೊಂಡು ಷಿಕಾಗೊ, ಬರ್ಕ್ಲಿ ಮೊದಲಾದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಹಡಗಿನಲ್ಲಿ ಕಳುಹಿಸತೊಡಗಿತು. ಕನ್ನಡದ ಕಾದಂಬರಿ, ಕವನ ಸಂಕಲನ, ಮಾಸಪತ್ರಿಕೆಗಳೂ ಅದರಲ್ಲಿದ್ದವು. ಇಲ್ಲಿ ಮರುಮುದ್ರಣವಿಲ್ಲದೆ ಮರೆಯಾದ ಅರವತ್ತರ ದಶಕದ ಕನ್ನಡ ಪುಸ್ತಕವೊಂದನ್ನು ಹುಡುಕುವವರಿಗೆ ಅದರ ಪ್ರತಿ ಕೆಲವೊಮ್ಮೆ ಅಲ್ಲಿನ ಕಪಾಟಿನಲ್ಲಿ ಸಿಗುವುದು ಆ ಕಾರಣಕ್ಕೆ.